ವಿಮರ್ಶಕರಿಗೆ ಅರ್ಥವಾಗಲಿಲ್ಲ ಎನ್ನುವ ಮೊದಲು

ಪ್ರಶ್ನೆ: ಭೌತಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ನನ್ನ ಮೊದಲ ಪ್ರಬಂಧವನ್ನು ಜರ್ನಲ್‌ನ ವಿಮರ್ಶಕರು (ಪ್ರಕಟಣೆಗೆ ಮೊದಲು ಪರಿಶೀಲಿಸುವ ತಜ್ಞರು) ಅರ್ಥಮಾಡಿಕೊಳ್ಳದೆಯೇ ತಿರಸ್ಕರಿಸಿದ್ದಾರೆ. ಹಾಗೆಯೇ ಬೇರೆ ಜರ್ನಲ್‌ಗೆ ಕಳುಹಿಸಲೇ?

ಉತ್ತರ: ಕಳುಹಿಸಬೇಡಿ. ಪ್ರತಿ ವರ್ಷವೂ ಈ ಪ್ರಶ್ನೆ ಬರುತ್ತದೆ. ಕೇಳುವವರಲ್ಲಿ ಹೆಚ್ಚಿನವರು ವಿಮರ್ಶಕರ ವರದಿಯನ್ನು ಸಿಟ್ಟಿನಲ್ಲಿ ಒಮ್ಮೆ ಓದಿ ಬದಿಗಿಟ್ಟಿರುತ್ತಾರೆ. ಐನ್‌ಸ್ಟೈನ್ ಮಾಡಿದ್ದೂ ಅದನ್ನೇ. ಗುರುತ್ವ ಅಲೆಗಳು (ದೇಶ-ಕಾಲದಲ್ಲಿ ಹರಡುವ ಕಂಪನಗಳು) ಇರಲಾರವು ಎಂದು ವಾದಿಸಿ ಅವರೂ ನೇಥನ್ ರೋಸೆನ್ ಅವರೂ 1936ರಲ್ಲಿ ‘ಫಿಸಿಕಲ್ ರಿವ್ಯೂ’ಗೆ ಕಳುಹಿಸಿದ ಪ್ರಬಂಧವನ್ನು ಸಂಪಾದಕ ಜಾನ್ ಟೇಟ್ ತಜ್ಞರೊಬ್ಬರಿಗೆ ತೋರಿಸಿದಾಗ, ಅಚ್ಚಿಗೆ ಮೊದಲು ಪರರಿಗೆ ತೋರಿಸಲು ಅನುಮತಿ ಕೊಟ್ಟಿರಲಿಲ್ಲವೆಂದು ಮುನಿದು ಐನ್‌ಸ್ಟೈನ್ ಅದನ್ನು ಹಿಂಪಡೆದರು. ಆದರೆ ವಿಮರ್ಶಕ ಹೋವರ್ಡ್ ರಾಬರ್ಟ್‌ಸನ್ ಹೇಳಿದ್ದೇ ಸರಿ: ತೊಡಕು ಅಲೆಗಳಲ್ಲಿರಲಿಲ್ಲ, ಸ್ಥಾನ ಗುರುತಿಸಲು ಆರಿಸಿಕೊಂಡ ನಿರ್ದೇಶಾಂಕಗಳಲ್ಲಿತ್ತು. 1937ರಲ್ಲಿ ಬೇರೊಂದು ಜರ್ನಲ್‌ನಲ್ಲಿ ಪ್ರಕಟವಾಗುವ ವೇಳೆಗೆ ತೀರ್ಮಾನವೇ ಬದಲಾಗಿತ್ತು. ಆ ಅಲೆಗಳನ್ನು 2015ರಲ್ಲಿ ಅಮೆರಿಕದ ಲೈಗೋ ವೀಕ್ಷಣಾಲಯ ಪತ್ತೆಹಚ್ಚಿತು.

ನನ್ನ ತರಗತಿಯಲ್ಲಿ ವಿದ್ಯಾರ್ಥಿಗಳು ಒಬ್ಬರ ಕರಡನ್ನು ಇನ್ನೊಬ್ಬರು ಓದುತ್ತಾರೆ. ತಪ್ಪು ಎತ್ತಿ ತೋರಿಸುವ ಮೊದಲು, ಪ್ರಬಂಧ ಏನನ್ನು, ಯಾವ ಆಧಾರದ ಮೇಲೆ ಹೇಳುತ್ತಿದೆ ಎಂಬುದನ್ನು ಎರಡೇ ವಾಕ್ಯಗಳಲ್ಲಿ ಬರೆಯಬೇಕು. ಒಮ್ಮೆ, ತೆಳು ಪದರಗಳ ವಿದ್ಯುತ್ ರೋಧದ ಬಗ್ಗೆ ಇದ್ದ ಕರಡನ್ನು ಓದಿದ ಐವರು ಮೂರು ಬೇರೆ ಬೇರೆ ತೀರ್ಮಾನಗಳನ್ನು ಬರೆದರು. ಯಾರಿಗೂ ಅರ್ಥವಾಗಿಲ್ಲವೆಂದು ಕರಡು ಬರೆದಾತ ನೊಂದುಕೊಂಡ. ಆದರೆ ಮುಖ್ಯ ಮಾತು ಒಂಬತ್ತನೆಯ ಪುಟದಲ್ಲಿ ಅಡಗಿತ್ತು, ನಕ್ಷೆಯ ಬಿಂದುಗಳಿಗೆ ದೋಷಪಟ್ಟಿಗಳು (ಅಳತೆಯ ಅನಿಶ್ಚಿತತೆ ತೋರಿಸುವ ಗೆರೆಗಳು) ಇರಲಿಲ್ಲ, ಅದರ ಕೆಳಗೆ ‘ಪ್ರಯೋಗವು ಸಿದ್ಧಾಂತಕ್ಕೆ ಚೆನ್ನಾಗಿ ಹೊಂದುತ್ತದೆ’ ಎಂದಿತ್ತು. ‘ಚೆನ್ನಾಗಿ’ ಎಂಬುದರ ಬದಲು ಸಂಖ್ಯೆ ಬರೆಯಲು ಹೇಳಿದೆ. ಅಂತರ ಶೇ 3, ಅಳತೆಯ ಅನಿಶ್ಚಿತತೆ ಶೇ 1 ಎಂದು ಬರೆಯುತ್ತಿದ್ದಂತೆ, ಎರಡೂ ಹೊಂದುವುದಿಲ್ಲವೆಂಬುದು ಆತನಿಗೇ ಕಾಣಿಸಿತು.

ಆದ್ದರಿಂದ ವರದಿಯ ಪ್ರತಿ ಆಕ್ಷೇಪವನ್ನೂ ಹಾಗೆಯೇ ನಕಲು ಮಾಡಿಕೊಂಡು, ಅದರ ಕೆಳಗೆ ನಿಮ್ಮ ಉತ್ತರವನ್ನೂ ತಿದ್ದಿದ ಜಾಗದ ಪುಟ, ಸಾಲುಗಳನ್ನೂ ಬರೆಯಿರಿ. ವಿಮರ್ಶಕರು ತಪ್ಪಿದ್ದಾರೆ ಎನಿಸಿದರೆ ಲೆಕ್ಕ ಮಾಡಿ ತೋರಿಸಿ. ಅವರು ತಪ್ಪು ತಿಳಿದ ವಾಕ್ಯವನ್ನು ಆಗಲೂ ತಿದ್ದಿ, ಏಕೆಂದರೆ ಮುಂದಿನ ಓದುಗರೂ ಅಲ್ಲೇ ಎಡವುತ್ತಾರೆ.

ಪ್ರಶ್ನೆ: ಹಣ ಕಟ್ಟಿದರೆ ವಾರದಲ್ಲಿ ಪ್ರಕಟಣೆ ಖಾತ್ರಿ ಎಂದು ಕೆಲವು ಜರ್ನಲ್‌ಗಳವರು ಹೇಳುತ್ತಾರೆ.

ಉತ್ತರ: ಅದು ಶುದ್ಧ ಮೋಸ; ಓದದೆ ಖಾತ್ರಿ ಕೊಡುವವರು ಓದುವುದೇ ಇಲ್ಲ.

ಪ್ರಶ್ನೆ: ಪರಿಶೀಲನೆಗೆಂದು ನನಗೆ ಬಂದ ಪ್ರಬಂಧದ ವಿಮರ್ಶೆಯನ್ನು ಚಾಟ್‌ಜಿಪಿಟಿಯಿಂದ ಬರೆಸಬಹುದೇ?

ಉತ್ತರ: ಇಲ್ಲ. ಗೌಪ್ಯವಾಗಿ ನಿಮ್ಮ ಕೈಗೆ ಬಂದ ಹಸ್ತಪ್ರತಿಯನ್ನು ಹೊರಗೆ ಹಾಕುವ ಹಕ್ಕು ನಿಮಗಿಲ್ಲ.

ಪ್ರಶ್ನೆ: ಗೈಡ್ ತಮಗೆ ಪರಿಶೀಲನೆಗೆ ಬಂದ ಪ್ರಬಂಧದ ವಿಮರ್ಶೆಯನ್ನು ನನ್ನಿಂದ ಬರೆಸಿ, ತಮ್ಮ ಹೆಸರಲ್ಲಿ ಕಳುಹಿಸುತ್ತಾರೆ.

ಉತ್ತರ: ಬರೆದು ಕಲಿಯುವುದು ಒಳ್ಳೆಯದೇ, ಮುಚ್ಚಿಡುವುದು ತಪ್ಪು. ನಿಮ್ಮ ಹೆಸರನ್ನು ಸಂಪಾದಕರಿಗೆ ಮೊದಲೇ ತಿಳಿಸುವಂತೆ ಅವರನ್ನು ವಿನಯದಿಂದ ಕೇಳಿ.