ಚಲಿಸುವ ವಾಹನದಿಂದ ಅಳೆದ ಮಾಲಿನ್ಯದ ಅಂಕಿಯನ್ನು ನಂಬಬಹುದೇ?

ಪ್ರಶ್ನೆ: ನಮ್ಮ ಮನೆಗೆ ಹತ್ತಿರವೆನ್ನಬಹುದಾದ ವಾಯುಮಾಪನ ಕೇಂದ್ರವೂ ಕೆಲವು ಕಿಲೋಮೀಟರ್ ದೂರದಲ್ಲಿದೆ. ಕಾರಿನಲ್ಲಿ ಉಪಕರಣವಿಟ್ಟು ಬೀದಿ ಬೀದಿಯ ಗಾಳಿಯನ್ನು ಅಳೆಯುತ್ತಾರೆಂದು ಓದಿದೆ. ಕ್ಷಣಮಾತ್ರದಲ್ಲಿ ಹಾದುಹೋಗುವ ಕಾರಿನ ಅಳತೆಯನ್ನು ನಂಬಬಹುದೇ? ಸ್ಕೂಟರಿಗೆ ಅಗ್ಗದ ಸೆನ್ಸರ್ ಕಟ್ಟಿಕೊಂಡು ನಾನೂ ಹೀಗೆ ಅಳೆಯಬಹುದೇ?
– ಬೆಂಗಳೂರಿನ ಓದುಗರೊಬ್ಬರು

ಉತ್ತರ: ಒಂದೇ ಸಲ ಹಾದುಹೋದ ಕಾರಿನ ಅಳತೆಯನ್ನು ನಂಬಬೇಡಿ. ಅದೇ ಬೀದಿಯಲ್ಲಿ ಬೇರೆ ಬೇರೆ ದಿನ, ಬೇರೆ ಬೇರೆ ಹೊತ್ತಿನಲ್ಲಿ ಮತ್ತೆ ಮತ್ತೆ ಓಡಾಡಿ ಪಡೆದ ಅಳತೆಗಳ ಮಧ್ಯಾಂಕವನ್ನು, ಅಂದರೆ ಅವನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ನಟ್ಟನಡುವೆ ಬರುವ ಅಂಕಿಯನ್ನು, ಮಾತ್ರ ನಂಬಬಹುದು. ಹೊಗೆಯುಗುಳುವ ಡೀಸೆಲ್ ಲಾರಿಯೊಂದು ಮುಂದೆ ಸಿಕ್ಕರೆ ಆ ಕ್ಷಣದ ಅಂಕಿ ಹಲವು ಪಟ್ಟು ಜಿಗಿಯುತ್ತದೆ; ಸರಾಸರಿ ತೆಗೆದರೆ ಆ ಒಂದು ಲಾರಿ ಇಡೀ ಬೀದಿಯ ಲೆಕ್ಕವನ್ನೇ ಕೆಡಿಸೀತು, ಮಧ್ಯಾಂಕದ ಮೇಲೆ ಅದರ ಪ್ರಭಾವ ಅತ್ಯಲ್ಪ.

ಇದಕ್ಕೆ ಚೆನ್ನಾಗಿ ದಾಖಲಾದ ನಿದರ್ಶನ ಕ್ಯಾಲಿಫೋರ್ನಿಯಾದ ಓಕ್ಲ್ಯಾಂಡ್ ನಗರದ್ದು. ಅಲ್ಲಿ ಬೀದಿಗಳ ಚಿತ್ರ ತೆಗೆಯುವ ಗೂಗಲ್ ಸ್ಟ್ರೀಟ್ ವ್ಯೂ ಕಾರುಗಳಲ್ಲಿ ಅಕ್ಲಿಮಾ ಸಂಸ್ಥೆಯ ಉಪಕರಣಗಳನ್ನಿಟ್ಟು, 2015–16ರಲ್ಲಿ ಒಂದು ವರ್ಷ ಕಾಲ ವಾರದ ದಿನಗಳ ಹಗಲಿನಲ್ಲಿ ಬ್ಲ್ಯಾಕ್ ಕಾರ್ಬನ್ (ಹೊಗೆಯ ಕಪ್ಪು ಮಸಿ), ನೈಟ್ರಿಕ್ ಆಕ್ಸೈಡ್ ಮತ್ತು ನೈಟ್ರೋಜನ್ ಡೈಆಕ್ಸೈಡ್‌ಗಳನ್ನು ಅಳೆಯಲಾಯಿತು. ರಸ್ತೆಗಳನ್ನು 30 ಮೀಟರ್ ತುಣುಕುಗಳಾಗಿ ವಿಂಗಡಿಸಿ ಸಂಶೋಧಕ ಜೋಶುವಾ ಆಪ್ಟೆ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ಎರಡು ಅಡ್ಡರಸ್ತೆಗಳ ನಡುವಿನ ಒಂದೇ ಬ್ಲಾಕಿನೊಳಗೂ ಮಾಲಿನ್ಯ ಕೆಲವೆಡೆ 5ರಿಂದ 8 ಪಟ್ಟಿನವರೆಗೂ ವ್ಯತ್ಯಾಸವಾಗುತ್ತಿತ್ತು. ಸ್ಥಿರ ಕೇಂದ್ರ ಎಷ್ಟೇ ನಿಖರವಾಗಿದ್ದರೂ ಈ ವ್ಯತ್ಯಾಸ ಅದರ ಕಣ್ಣಿಗೆ ಬೀಳುವುದಿಲ್ಲ. ಸುಮಾರು 10ರಿಂದ 20 ದಿನಗಳ ಓಡಾಟವಾದರೆ ನಕ್ಷೆಯ ಮುಖ್ಯ ಚಹರೆ ಸ್ಥಿರಗೊಳ್ಳುತ್ತದೆ ಎಂಬುದೂ ಅದೇ ಅಧ್ಯಯನದಿಂದ ತಿಳಿಯಿತು. ಆದರೆ ರಾತ್ರಿಯ ಗಾಳಿ ಹೇಗಿತ್ತೆಂಬುದನ್ನು ಆ ನಕ್ಷೆ ಹೇಳದು. ಒಂದೇ ಜಾಗದಲ್ಲಿ ದಿನವಿಡೀ ಆಗುವ ಏರಿಳಿತವನ್ನು ಹಿಡಿಯಲು ಸ್ಥಿರ ಕೇಂದ್ರವೇ ಬೇಕು.

ಏನನ್ನು ಅಳೆಯುತ್ತೇವೆ ಎಂಬುದೂ ಅಷ್ಟೇ ಮುಖ್ಯ, ಮತ್ತು ಹೆಚ್ಚಿನವರು ಎಡವುವುದು ಇಲ್ಲೇ. ಪಿಎಂ 2.5, ಅಂದರೆ 2.5 ಮೈಕ್ರೋಮೀಟರ್ ಅಥವಾ ಅದಕ್ಕಿಂತ ಚಿಕ್ಕ ಕಣಗಳಲ್ಲಿ ದೊಡ್ಡ ಪಾಲು ದೂರದಿಂದ ತೇಲಿ ಬಂದದ್ದು ಅಥವಾ ಗಾಳಿಯಲ್ಲೇ ರಾಸಾಯನಿಕ ಕ್ರಿಯೆಯಿಂದ ಹುಟ್ಟಿದ್ದು. ಆದ್ದರಿಂದ ಬೀದಿಯಿಂದ ಬೀದಿಗೆ ಅದರ ವ್ಯತ್ಯಾಸ ಸಾಮಾನ್ಯವಾಗಿ ಕಡಿಮೆ. ವಾಹನದ ಕೊಳವೆಯಿಂದ ನೇರವಾಗಿ ಹೊರಬೀಳುವ ಬ್ಲ್ಯಾಕ್ ಕಾರ್ಬನ್ ಮತ್ತು 100 ನ್ಯಾನೋಮೀಟರಿಗಿಂತ ಚಿಕ್ಕದಾದ ಅತಿಸೂಕ್ಷ್ಮ ಕಣಗಳು ಮಾತ್ರ ರಸ್ತೆಯಿಂದ ದೂರ ಸರಿದಂತೆ ಬೇಗನೆ ಕ್ಷೀಣಿಸುತ್ತವೆ. ನಿಮ್ಮ ನಗರದಲ್ಲೇ ಸಂಶೋಧನಾ ಸಂಸ್ಥೆಗಳಾದ ಸಿಸ್ಟೆಪ್ ಮತ್ತು ಐಎಲ್‌ಕೆ ಲ್ಯಾಬ್ಸ್‌ನ ಸಂಶೋಧಕರು ಕಾರಿನಲ್ಲಿ ಉಪಕರಣಗಳನ್ನು ಒಯ್ದು ಪಿಎಂ 2.5ರ ಜೊತೆಗೆ ಇವನ್ನೂ ಅಳೆದಿದ್ದಾರೆ.

ಉಪಕರಣದ ಪ್ರತಿಕ್ರಿಯೆ ತಡವಾದರೆ ಸ್ಥಳವೇ ತಪ್ಪಾಗುತ್ತದೆ. ಗಂಟೆಗೆ 30 ಕಿಲೋಮೀಟರ್ ವೇಗದ ವಾಹನ ಸೆಕೆಂಡಿಗೆ ಎಂಟು ಮೀಟರಿಗೂ ಹೆಚ್ಚು ಚಲಿಸುವುದರಿಂದ, ಹತ್ತು ಸೆಕೆಂಡಿನ ವಿಳಂಬವನ್ನು ಸರಿಪಡಿಸದಿದ್ದರೆ ಸಿಗ್ನಲ್ಲಿನ ಹೊಗೆಯು 80 ಮೀಟರ್ ಆಚೆಯ ಶಾಲೆಯ ಮುಂದೆ ದಾಖಲಾಗಬಹುದು. ಅಳೆಯುವ ವಾಹನದ ಸ್ವಂತ ಹೊಗೆ ಒಳಸೇರದಂತೆಯೂ ಎಚ್ಚರ ವಹಿಸಬೇಕು. ಜೊತೆಗೆ, ಬೆಳಗಿನ ತಂಪಿನಲ್ಲಿ ಮಾಲಿನ್ಯ ನೆಲದ ಹತ್ತಿರವೇ ಸಾಂದ್ರವಾಗಿದ್ದು ಮಧ್ಯಾಹ್ನ ಮೇಲಕ್ಕೆ ಹರಡಿ ತೆಳುವಾಗುವುದರಿಂದ, ಒಂದು ಬೀದಿಯ ಬೆಳಗಿನ ಅಂಕಿಯನ್ನು ಇನ್ನೊಂದರ ಮಧ್ಯಾಹ್ನದ ಅಂಕಿಗೆ ಹೋಲಿಸುವುದು ನ್ಯಾಯವಲ್ಲ. ಸ್ಥಿರ ಕೇಂದ್ರದ ದತ್ತಾಂಶ ಬಳಸಿ ಈ ಏರಿಳಿತವನ್ನು ಕಳೆಯಬೇಕು.

ಇನ್ನು ನಿಮ್ಮ ಸ್ಕೂಟರಿನ ವಿಚಾರ. ಅಗ್ಗದ ಸೆನ್ಸರುಗಳು ಕಣಗಳು ಚದುರಿಸುವ ಬೆಳಕನ್ನು ಅಳೆದು ಪಿಎಂ 2.5ನ್ನು ಅಂದಾಜು ಮಾಡುತ್ತವೆ. ತೇವಾಂಶ ಹೆಚ್ಚಿದಾಗ ಕಣಗಳು ನೀರು ಹೀರಿ ಉಬ್ಬಿ, ಅಂಕಿ ವಾಸ್ತವಕ್ಕಿಂತ ಮೇಲೇರುತ್ತದೆ. ಬಹುಪಾಲು ಅತಿಸೂಕ್ಷ್ಮ ಕಣಗಳು ಅವಕ್ಕೆ ಕಾಣುವುದೇ ಇಲ್ಲ. ಆದರೂ ಪ್ರಯತ್ನವನ್ನು ಕೈಬಿಡಬೇಡಿ. ಮೊದಲು ಸೆನ್ಸರನ್ನು ಸ್ಥಿರ ಕೇಂದ್ರದ ಪಕ್ಕದಲ್ಲಿ ಕೆಲವು ದಿನ ಇರಿಸಿ ಅಂಕಿಗಳನ್ನು ಹೋಲಿಸಿ ನೋಡಿ, ಆಮೇಲೆ ಎರಡು ಮೂರು ಬೀದಿಗಳನ್ನಷ್ಟೇ ಆರಿಸಿಕೊಂಡು ವಾರಗಟ್ಟಲೆ ಅದೇ ದಾರಿಯಲ್ಲಿ, ಪ್ರತಿ ದಿನ ಸುತ್ತುವ ದಿಕ್ಕನ್ನು ಬದಲಿಸುತ್ತ ಅಳೆಯಿರಿ. ಸಿಕ್ಕಿದ ಅಂಕಿಯನ್ನು ಎಕ್ಯುಐ (ವಾಯು ಗುಣಮಟ್ಟ ಸೂಚ್ಯಂಕ) ಎಂದು ಮಾತ್ರ ಹೇಳಬೇಡಿ, ಏಕೆಂದರೆ ನಮ್ಮ ದೇಶದ ಸೂಚ್ಯಂಕದಲ್ಲಿ ಪಿಎಂ 2.5ಕ್ಕೆ 24 ಗಂಟೆಗಳ ಸರಾಸರಿಯೇ ಆಧಾರ. ಈ ಬೀದಿಗಿಂತ ಆ ಬೀದಿಯಲ್ಲಿ ಕಣಗಳು ಸತತವಾಗಿ ಹೆಚ್ಚಿವೆ ಎಂದಷ್ಟೇ ಬರೆದಿಡಿ.