ಎರಡನೇ ಸರ್ವರ್‌ನ ಗ್ರಾಫ್ ಬರುತ್ತಿಲ್ಲ

ಪ್ರಶ್ನೆ: ಕಾಲೇಜಿನ ಲ್ಯಾಬಿನಲ್ಲಿ ಎರಡು ಸರ್ವರ್ ಇವೆ. ಡೆಬಿಯನ್ ಇರುವುದರಲ್ಲಿ ಮುನಿನ್ (ಸರ್ವರ್‌ಗಳ ಸ್ಥಿತಿಯನ್ನು ಗ್ರಾಫ್ ಆಗಿ ತೋರಿಸುವ ತಂತ್ರಾಂಶ) ಹಾಕಿದ್ದೇನೆ, ಅದರ ಗ್ರಾಫ್ ಬರುತ್ತಿದೆ. ಫ್ರೀಬಿಎಸ್‌ಡಿ ಇರುವ ಇನ್ನೊಂದಕ್ಕೆ ಮುನಿನ್-ನೋಡ್ (ಅಂಕಿ ಕೊಡುವ ಭಾಗ) ಹಾಕಿದರೂ ಗ್ರಾಫ್ ಖಾಲಿ. ಕರೆಂಟ್ ಹೋಗಿ ಬಂದರೆ ಸರ್ವಿಸೂ ಏಳುವುದಿಲ್ಲ.
– ಓದುಗರು, ಮಂಡ್ಯ

ಉತ್ತರ: ಕರೆಂಟಿನ ತೊಂದರೆ ಸುಲಭದ್ದು. ಡೆಬಿಯನ್‌ನಂತೆ ಫ್ರೀಬಿಎಸ್‌ಡಿ ತಾನಾಗಿ ಸರ್ವಿಸ್ ಶುರು ಮಾಡುವುದಿಲ್ಲ. ರೂಟ್ (ಪೂರ್ಣ ಅಧಿಕಾರದ ಬಳಕೆದಾರ) ಆಗಿ ‘ಸಿಸ್‌ಆರ್‌ಸಿ ಮುನಿನ್_ನೋಡ್_ಎನೇಬಲ್=ಯೆಸ್’ ಕೊಡಿ. ಇಲ್ಲಿ ಅಂಡರ್‌ಸ್ಕೋರ್, ‘ಸರ್ವಿಸ್ ಮುನಿನ್-ನೋಡ್ ಸ್ಟಾರ್ಟ್’ ಎನ್ನುವಾಗ ಹೈಫನ್. ಎಡವುವುದು ಇಲ್ಲೇ.

ಗ್ರಾಫ್ ವಿಷಯಕ್ಕೆ ಬಂದರೆ, ಡೆಬಿಯನ್ ಯಂತ್ರದಿಂದ ಇನ್ನೊಂದರ 4949ನೇ ಪೋರ್ಟಿಗೆ (ಮುನಿನ್-ನೋಡ್ ಉತ್ತರಿಸುವ ಜಾಗ) ಟೆಲ್‌ನೆಟ್ ಮಾಡಿ. ‘ಕನೆಕ್ಷನ್ ರೆಫ್ಯೂಸ್ಡ್’ ಎಂದರೆ ಸರ್ವಿಸ್ ಓಡುತ್ತಿಲ್ಲ, ಇಲ್ಲವೇ ಅದರ ಮುನಿನ್-ನೋಡ್.ಕಾನ್ಫ್ ಫೈಲಿನ ‘ಹೋಸ್ಟ್’ ಸಾಲಿನಲ್ಲಿ 127.0.0.1 (ಅಂದರೆ ಆ ಯಂತ್ರಕ್ಕೆ ಮಾತ್ರ) ಇದೆ; ಅಲ್ಲಿ ನಕ್ಷತ್ರ ಚಿಹ್ನೆ ಇರಬೇಕು. ಉತ್ತರವೇ ಬಾರದೆ ನಿಂತರೆ ಫೈರ್‌ವಾಲ್ ತಡೆಯುತ್ತಿದೆ. ಸೇರಿದ ತಕ್ಷಣ ಕಡಿದುಹೋದರೆ ಅದೇ ಫೈಲಿನಲ್ಲಿ ಯಾರು ಸೇರಬಹುದೆಂದು ಹೇಳುವ ‘ಅಲೌ’ ಸಾಲಿನ ತಪ್ಪು. ಹೆಚ್ಚಿನವರಿಗೆ ಆಗುವುದು ಇದೇ.

ಫ್ರೀಬಿಎಸ್‌ಡಿಯಲ್ಲಿ ಮುನಿನ್-ನೋಡ್.ಕಾನ್ಫ್ ಇರುವುದು /ಯುಎಸ್‌ಆರ್/ಲೋಕಲ್/ಇಟಿಸಿ/ಮುನಿನ್ ಒಳಗೆ. ‘ಅಲೌ’ ಕೇಳುವುದು ರೆಗ್ಯುಲರ್ ಎಕ್ಸ್‌ಪ್ರೆಶನ್ (ಅಕ್ಷರಗಳ ಮಾದರಿ), ಬರೀ ಐಪಿ ಅಲ್ಲ. ಮಾಸ್ಟರ್ (ಅಂಕಿ ಸಂಗ್ರಹಿಸುವ ನಿಮ್ಮ ಡೆಬಿಯನ್ ಯಂತ್ರ) 192.168.1.10 ಆದರೆ ^192\.168\.1\.10$ ಎಂದು ಬರೆಯಬೇಕು. ಇಡೀ ನೆಟ್‌ವರ್ಕ್ ಸೂಚಿಸುವ 192.168.1.0/24 ಎಂಬ ಬಗೆ ಇಲ್ಲಿ ನಡೆಯದು. ಅದಕ್ಕೆ ‘ಸಿಐಡಿಆರ್_ಅಲೌ’ ಬೇರೆ ಇದೆ. ಬದಲಿಸಿದ ಮೇಲೆ ನೋಡ್ ರೀಸ್ಟಾರ್ಟ್ ಮಾಡಿ.

ಈಗ ಟೆಲ್‌ನೆಟ್‌ನಲ್ಲಿ ‘ಮುನಿನ್ ನೋಡ್ ಅಟ್’ ಎಂದು ಬಂದು ಪಕ್ಕದಲ್ಲಿ ಯಂತ್ರದ ಹೆಸರು ಕಾಣುತ್ತದೆ. ಮಾಸ್ಟರ್‌ನ ಮುನಿನ್.ಕಾನ್ಫ್‌ನಲ್ಲಿ ಬೇರೆ ಹೆಸರು ಕೊಟ್ಟಿದ್ದರೆ ಆ ಹೋಸ್ಟಿನ ಕೆಳಗೆ ‘ಯೂಸ್_ನೋಡ್_ನೇಮ್ ಯೆಸ್’ ಸೇರಿಸಿ. ಮಾಸ್ಟರ್ ಅಂಕಿ ತರುವುದು 5 ನಿಮಿಷಕ್ಕೊಮ್ಮೆ, ಎರಡು ಸುತ್ತು ಕಾಯಿರಿ. ಅವಸರವೆಂದು ಅಂಕಿ ತರುವ ಮುನಿನ್-ಕ್ರಾನ್ ಅನ್ನು ರೂಟ್ ಆಗಿ ಓಡಿಸಬೇಡಿ, ಅದು ಓಡದೆ ನಿಂತುಬಿಡುತ್ತದೆ; ಮುನಿನ್ ಎಂಬ ಬಳಕೆದಾರನಾಗಿಯೇ ಓಡಿಸಬೇಕು.

ಪ್ರಶ್ನೆ: ಸರ್ವರ್‌ನಲ್ಲಿ ಮುನಿನ್ ಪುಟ ತೆರೆಯುತ್ತದೆ, ಸ್ಟಾಫ್ ರೂಮಿನಿಂದ 403 (ಪ್ರವೇಶವಿಲ್ಲ) ಬರುತ್ತದೆ.
– ಓದುಗರು, ಮೈಸೂರು

ಉತ್ತರ: ಡೆಬಿಯನ್ ಕೊಡುವ ಅಪಾಚೆ (ವೆಬ್ ಸರ್ವರ್) ಸೆಟ್ಟಿಂಗ್‌ನಲ್ಲಿ ‘ರಿಕ್ವೈರ್ ಲೋಕಲ್’, ಅಂದರೆ ಆ ಯಂತ್ರಕ್ಕೆ ಮಾತ್ರ ಎಂದು, ಇರುತ್ತದೆ. ಅದನ್ನು ‘ರಿಕ್ವೈರ್ ಐಪಿ 192.168.1’ ಎಂದು ನಿಮ್ಮ ನೆಟ್‌ವರ್ಕ್‌ಗೆ ತಕ್ಕಂತೆ ಬದಲಿಸಿ ಅಪಾಚೆ ರೀಲೋಡ್ ಮಾಡಿ. ಎಲ್ಲರಿಗೂ ತೆರೆಯುವ ‘ಆಲ್ ಗ್ರಾಂಟೆಡ್’ ಮಾತ್ರ ಬೇಡ. ಡಿಸ್ಕ್, ಪ್ರೊಸೆಸ್, ಟ್ರಾಫಿಕ್ ಎಲ್ಲವೂ ಆ ಪುಟದಲ್ಲಿ ಬಿಚ್ಚಿಟ್ಟಂತಿರುತ್ತವೆ.