ಸ್ಕಾಫ್ ಬಳಸುವಾಗ ‘ಆ್ಯಟ್’ ಬೇಕೇ?

ಇಂಗ್ಲಿಷ್‌ನ ‘ಸ್ಕಾಫ್’ (scoff) ಎಂದರೆ ತಾತ್ಸಾರದಿಂದ ಗೇಲಿ ಮಾಡು. ‘ಅವನ ಸಲಹೆಯನ್ನು ಗೇಲಿ ಮಾಡಿದರು’ ಎನ್ನಲು ನೀವು ‘ಆ್ಯಟ್’ (at) ಇಲ್ಲದೆ ಬರೆದ ‘ದೇ ಸ್ಕಾಫ್ಡ್ ಹಿಸ್ ಐಡಿಯಾ’ ತಪ್ಪಾಗಿದ್ದು ಬಹುಶಃ ಕನ್ನಡದ ‘ಅನ್ನು’ ಪ್ರತ್ಯಯದಿಂದ. ‘ಸಲಹೆಯನ್ನು ಗೇಲಿ ಮಾಡಿದರು’ ಎಂದುಕೊಂಡು ಬರೆದಾಗ ‘ಆ್ಯಟ್’ ಬಿಟ್ಟುಹೋಗುತ್ತದೆ. ಗೇಲಿ ಮಾಡು ಎಂಬ ಅರ್ಥವೇ ಇರುವ ಮಾಕ್, ರಿಡಿಕ್ಯೂಲ್, ಡಿರೈಡ್ ಪದಗಳಿಗೆ ಅದು ಬೇಡ. ಯಾವುದನ್ನು ಗೇಲಿ ಮಾಡಿದರು ಎಂದು ಹೇಳುವಾಗ ಸ್ಕಾಫ್‌ಗೆ ಬೇಕು. ಬಿಟ್ಟರೆ ಅರ್ಥವೇ ಕೆಡಬಹುದು: ಬ್ರಿಟಿಷ್ ಆಡುಮಾತಿನಲ್ಲಿ ‘ಹಿ ಸ್ಕಾಫ್ಡ್ ದ ಕೇಕ್’ ಎಂದರೆ ಗಬಗಬನೆ ತಿಂದುಬಿಟ್ಟ ಎಂದು!

ಮೊದಲು ‘ದೇ ಸ್ಕಾಫ್ಡ್ ಆ್ಯಟ್ ಹಿಸ್ ಐಡಿಯಾ’ ಎಂದು ತಿದ್ದಿ. ಕರ್ಮಣಿ ಪ್ರಯೋಗಕ್ಕೆ ತಿರುಗಿಸಿದರೂ ‘ಆ್ಯಟ್’ ಬಿಡಬೇಡಿ: ‘ಹಿಸ್ ಐಡಿಯಾ ವಾಸ್ ಸ್ಕಾಫ್ಡ್ ಆ್ಯಟ್’. ಆಮೇಲೆ ಅರ್ಥ ಹೊಂದುತ್ತದೆಯೇ ನೋಡಿ. ಸ್ಕಾಫ್‌ನಲ್ಲಿರುವುದು ‘ಇದೆಲ್ಲ ಆಗುವ ಮಾತಲ್ಲ’ ಎಂಬ ತಾತ್ಸಾರ. ಒಬ್ಬರ ಧ್ವನಿ, ನಡಿಗೆಯನ್ನು ಅಣಕಿಸಿದ್ದನ್ನು ಹೇಳಬೇಕಿದ್ದರೆ ಮಾಕ್ ಬಳಸಿ.